ಕೊಟ್ಟಿಗೆಯಲ್ಲಿ ವಾಸ: ತೀರ್ಥಹಳ್ಳಿ ಕಡೆಯ ಒಂದು ಹೋಂಸ್ಟೇ, ಬುಡದಿಂದ ಸೂರಿನವರೆಗೆ

ಕಟ್ಟಡಕ್ಕೆ ಐದರಲ್ಲಿ ನಾಲ್ಕು, ಬಚ್ಚಲಿಗೆ ಒಂದೂವರೆ. ದೂರು ಇರುವುದರಿಂದ ಹೆಸರು ಹಾಕಿಲ್ಲ.

ತೀರ್ಥಹಳ್ಳಿ–ಆಗುಂಬೆ ದಾರಿಯ ಆಚೀಚೆ ಎಷ್ಟೋ ಹೋಂಸ್ಟೇಗಳಲ್ಲಿ ‘ಹಳೇ ಮನೆ’ ಅಂದರೆ ಆರ್‌ಸಿಸಿ ಕೋಣೆ, ಮುಂದೊಂದು ಸಾಲು ಹಂಚು, ಅಷ್ಟೇ. ಇಲ್ಲಿ ಹಾಗಲ್ಲ. ಜಂಬಿಟ್ಟಿಗೆ ಎಂಬ ಕೆಂಪು ಮುರಕಲ್ಲಿನ ನಿಜವಾದ ದನದ ಕೊಟ್ಟಿಗೆಯನ್ನೇ ಎರಡು ಕೋಣೆ ಮಾಡಿದ್ದಾರೆ. ಹುಲ್ಲು ಪೇರಿಸುತ್ತಿದ್ದ ಅಟ್ಟದಲ್ಲೀಗ ಹಾಸಿಗೆ.

ಕೊಟ್ಟಿಗೆಯನ್ನು ಮನೆ ಮಾಡುವವರಿಗೆ ಮೊದಲ ತಲೆನೋವು ಉಪ್ಪು. ವರ್ಷಗಟ್ಟಲೆ ಗಂಜಲ ಕುಡಿದ ಗೋಡೆಯ ಬುಡದಲ್ಲಿ ನೈಟ್ರೇಟ್ ಎಂಬ ಉಪ್ಪು ತುಂಬಿರುತ್ತದೆ. ನೆಲದ ತೇವ ಅದನ್ನು ಮೂರು ನಾಲ್ಕು ಅಡಿವರೆಗೂ ಎಳೆದುಕೊಂಡು ಹೋಗುತ್ತದೆ. ನೀರು ಆರಿದಾಗ ಉಪ್ಪು ಹರಳುಗಟ್ಟಿ ಗಾರೆಯನ್ನು ಹಿಂದಿನಿಂದ ನೂಕುತ್ತದೆ. ಸಿಮೆಂಟ್ ಬಳಿದರಂತೂ ತೇವಕ್ಕೆ ಹೊರಬರಲು ದಾರಿಯೇ ಇಲ್ಲ, ಇನ್ನೂ ಮೇಲೆ ಹತ್ತುತ್ತದೆ. ಕೆಲವೇ ಮಳೆಗಾಲದಲ್ಲಿ ಗಾರೆ ಹಪ್ಪಳದ ಹಾಗೆ ಎದ್ದು, ಜೊತೆಗೆ ಕಲ್ಲಿನ ಮುಖವನ್ನೂ ಕಿತ್ತುಕೊಂಡು ಬರುತ್ತದೆ.

ಇಲ್ಲಿ ಬುಡದ ನಾಲ್ಕು ಅಡಿಗೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ತೆಳು ಗಾರೆ ಹಾಕಿದ್ದಾರೆ. ಇದು ಹಾಳಾಗಲೆಂದೇ ಬಳಿಯುವ ಗಾರೆ. ಉಪ್ಪು ಕಲ್ಲಿನಿಂದ ಅದಕ್ಕೆ ಬರುತ್ತದೆ. ಉದುರಲು ಶುರುವಾದಾಗ ಹೆರೆದು ತೆಗೆದು ಹೊಸದು ಬಳಿಯಬೇಕು. ಹೆರೆದ ಪುಡಿಯನ್ನು ಗೋಡೆಯ ಬುಡದಲ್ಲಿ ಬಿಟ್ಟರೆ ಮೊದಲ ಮಳೆಗೇ ಉಪ್ಪು ವಾಪಸ್. ಮೂಲೆಯಲ್ಲಿ ಬಿಳಿ ಪುಡಿ ಕಂಡು ‘ನಿರ್ವಹಣೆ ಇಲ್ಲ’ ಎಂದು ಸ್ಟಾರ್ ಕತ್ತರಿಸುವ ಅತಿಥಿಗಳಿಗೆ ಇದು ಗೊತ್ತಿರಲಿ: ಗಾರೆ ತನ್ನ ಕೆಲಸ ಮಾಡುತ್ತಿದೆ. ಸುಣ್ಣದ ಕೆಲಸಕ್ಕೆ ದೀಪಾವಳಿಯಿಂದ ಶಿವರಾತ್ರಿವರೆಗಿನ ಕಾಲ ಒಳ್ಳೆಯದು. ಮೇ ಕೊನೆಯಲ್ಲಿ ಬಳಿದ ಹೊರಗೋಡೆಯ ಸುಣ್ಣ ಗಾಳಿಯಿಂದ ಗಟ್ಟಿಯಾಗುವ ಮೊದಲೇ ಮಳೆಗೆ ತೊಳೆದುಹೋಗುತ್ತದೆ.

ಕೊಟ್ಟಿಗೆಗೆ ಗಾಳಿಕಿಂಡಿ ಬಿಟ್ಟರೆ ಕಿಟಕಿ ಇರಲಿಲ್ಲ. ಹೊಸದಾಗಿ ತೆರೆದ ಕಿಟಕಿಗಳ ಮೇಲೆ ಎರಡೂ ಕಡೆ ಮುಕ್ಕಾಲು ಅಡಿ ಗೋಡೆಯಲ್ಲಿ ಕೂತ ಮರದ ತೊಲೆ ಕೊಟ್ಟಿದ್ದಾರೆ, ಎಲ್ಲೂ ಬಿರುಕಿಲ್ಲ. ತೇಪೆಗೆ ಹಾಕಿದ ಕಲ್ಲೂ ಚೆನ್ನಾಗಿ ಗಾಳಿ ಕಂಡದ್ದು. ಜಂಬಿಟ್ಟಿಗೆ ಕಲ್ಲು ಕಡಿಯುವ ಕಣಿಯಲ್ಲಿ ಕೊಡಲಿಗೂ ಬಗ್ಗುವಷ್ಟು ಮೆತ್ತಗಿದ್ದು, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ. ಹಸಿ ಕಲ್ಲನ್ನು ಅವಸರಕ್ಕೆ ಕೂರಿಸಿದರೆ ಅಂಚು ಪುಡಿಯಾಗುತ್ತದೆ.

ಹಂಚಿನ ಮಾಡಿನ ಕೆಲಸ ನೋಡಿ ಕಲಿಯುವಂಥದ್ದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಇಲ್ಲಿ ಇಳಿಜಾರು 30 ಡಿಗ್ರಿಗಿಂತ ಕಡಿಮೆಯಾದರೆ ಗಾಳಿ ನೀರನ್ನು ಹಂಚಿನ ಜೋಡಣೆಯೊಳಗೆ ಹಿಮ್ಮುಖವಾಗಿ ತಳ್ಳುತ್ತದೆ. ಹಂಚು ಕೂರುವ ಅಡ್ಡಪಟ್ಟಿಗಳಿಗೆ, ಅಂದರೆ ರೀಪಿನಿಂದ ರೀಪಿಗೆ, ಹನ್ನೆರಡೂವರೆ ಇಂಚು ಸರಿಯಾಗಿ ಇಟ್ಟಿದ್ದಾರೆ. ಹಂಚು ಉಳಿಸಲು ಇದನ್ನು ಹಿಗ್ಗಿಸುವ ಬಡಗಿಗಳಿದ್ದಾರೆ, ಸೋರುವುದು ಅಲ್ಲೇ. ನೂರು ಚದರ ಅಡಿಗೆ ಸುಮಾರು 150 ಹಂಚು ಬೇಕು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಬೇರೆ ಬೇರೆಯವರೂ ಹಂಚು ಮಾಡಿದರು, ಅವರವರ ಅಚ್ಚು ಅವರವರದು. ಒಬ್ಬರ ಹಂಚಿನ ಅಂಚಿನ ತೋಡು ಇನ್ನೊಬ್ಬರದಕ್ಕೆ ಕೂರುವುದಿಲ್ಲ. ಗುಜರಿಯಲ್ಲಿ ಹಳೆ ಹಂಚು ಕೊಳ್ಳುವವರು ಬೆನ್ನಿನ ಮುದ್ರೆ ನೋಡಿ ಒಂದೇ ಗುರುತಿನದು ಆರಿಸಬೇಕು. ಇಲ್ಲಿ ಹಾಗೇ ಮಾಡಿ, ಮಂಗ ಒಡೆದದ್ದಕ್ಕೆಂದು ಒಂದಷ್ಟು ಹಿತ್ತಿಲಲ್ಲಿ ಪೇರಿಸಿಯೂ ಇದ್ದಾರೆ.

ಜಗಲಿಯ ಕೆತ್ತನೆ ಕಂಬಗಳು ಮಾತ್ರ ಬೇರೆಲ್ಲೋ ಕೆಡವಿದ ಮನೆಯವು. ಕೊಟ್ಟಿಗೆಗೆ ಅಂಥ ಕಂಬ ಯಾರೂ ಹಾಕುತ್ತಿರಲಿಲ್ಲ. ಮಲೆನಾಡಿನ ಮನೆಯ ಮರಗೆಲಸ ನೋಡಬೇಕಾದರೆ ಕುಪ್ಪಳಿಯಲ್ಲಿರುವ ಕುವೆಂಪು ಅವರ ಕವಿಮನೆಗೆ ಹೋಗಿ.

ಇನ್ನು ಬಚ್ಚಲು. ಪಡುವಣ ಕೋಣೆಯದನ್ನು ಕಲ್ಲಿನ ಗೋಡೆಗೆ ಅಂಟಿಸಿ, ಕಲ್ಲು ಕೊರೆದು ಪೈಪ್ ಹೂತು, ಮೇಲೆ ಸಿಮೆಂಟ್, ಟೈಲ್ಸ್ ಮೆತ್ತಿದ್ದಾರೆ. ಹೊರಗಿನಿಂದ ಪಡುವಣ ಮಳೆಯ ಹೊಡೆತ, ಒಳಗಿನಿಂದ ಸ್ನಾನದ ನೀರು. ಬುಡದಲ್ಲಿ ಅಷ್ಟು ಜಾಣತನ ತೋರಿಸಿದವರು ಇಲ್ಲಿ ಯಾಕೆ ಎಡವಿದರೋ! ಟೈಲ್ಸ್ ಸಂದುಗಳು ಆಗಲೇ ಕಪ್ಪಾಗಿವೆ, ಆಚೆ ಕಡೆ ಪಾಚಿ. ಹಳಬರು ಬಚ್ಚಲನ್ನು ಹೊರಗಿಟ್ಟದ್ದು ಸುಮ್ಮನಲ್ಲ. ಗೋಡೆಯಿಂದ ಒಂದಡಿ ಬಿಟ್ಟು ಪ್ರತ್ಯೇಕ ಇಟ್ಟಿಗೆ ಗೋಡೆ ಕಟ್ಟಿ, ಪೈಪನ್ನು ಕಾಣುವಂತೆಯೇ ಓಡಿಸಿದ್ದರೆ ಸೋರಿದ್ದು ಕೂಡಲೇ ತಿಳಿಯುತ್ತಿತ್ತು. ಈಗ ಟೈಲ್ಸ್ ಒಡೆಯದೆ ಗತಿಯಿಲ್ಲ. ಸದ್ಯಕ್ಕೆ ಮಳೆಗಾಲದಲ್ಲಿ ಹೊರಗೆ ಸೋಗೆಯ ತಟ್ಟಿಯನ್ನಾದರೂ ಕಟ್ಟಬೇಕು.

ನೆಲ ಎತ್ತರಿಸಿ ಕೆಂಪು ಕಾವಿ ಹಾಕಿರುವುದರಿಂದ ಬಾಗಿಲು ತಗ್ಗು. ಐದೂವರೆ ಅಡಿ ದಾಟಿದವರು ಬಗ್ಗಿಯೇ ನಡೆಯಬೇಕು. ಅಟ್ಟದ ಏಣಿ ಕಡಿದು, ಮಂಡಿ ನೋವಿನವರಿಗೆ ಆಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವವರು ಮೂಡಣ ಕೋಣೆಯನ್ನೇ ಕೇಳಿ ಪಡೆಯಿರಿ, ಅದರ ಬಚ್ಚಲು ಹೊರಗಿನ ಚಾವಡಿಯಲ್ಲಿದೆ.