ಇಂಗ್ಲಿಷ್ ನುಡಿಗಟ್ಟಿನ ಆ್ಯಪ್: ಕತೆಗೆ ಫುಲ್ ಮಾರ್ಕ್ಸ್, ಕನ್ನಡಕ್ಕೆ ಸೊನ್ನೆ

ನಮ್ಮ ಕ್ಲೈಂಟ್ ಇಂಗ್ಲೆಂಡಿನವರು. ಕಾಲ್‌ನಲ್ಲಿ ಅವರ ಇಂಗ್ಲಿಷ್ ಅರ್ಥವಾಗುತ್ತದೆ, ಆದರೆ ಮಧ್ಯೆ ಮಧ್ಯೆ ಲೂಪು, ಬಾಲು, ಪೆನ್ನಿ ಅಂತ ಏನೋ ಬಂದುಹೋಗುತ್ತದೆ, ಎಲ್ಲರೂ ನಗುತ್ತಾರೆ, ನಾನೂ ಸುಮ್ನೆ ನಗುತ್ತೇನೆ. ಎಷ್ಟು ದಿನ ಅಂತ ಹೀಗೆ? ಅದಕ್ಕೇ ಕನ್ನಡದಲ್ಲಿ ಇಂಗ್ಲಿಷ್ ನುಡಿಗಟ್ಟು ಕಲಿಸುವ ಒಂದು ಆ್ಯಪ್‌ಗೆ ಮೂರು ತಿಂಗಳಿಗೆ 1,499 ರೂಪಾಯಿ ಕಟ್ಟಿದೆ. ಹೆಸರು ಬೇಡ ಬಿಡಿ. ನಾನು ಪೂರ್ತಿ ಮುಗಿಸಿದ್ದು ‘ಗೊತ್ತಿರುವುದು, ಗೊತ್ತಿಲ್ಲದಿರುವುದು’ ಅನ್ನುವ ಒಂದೇ ಪಾಠ. ಈ ರಿವ್ಯೂ ಅದರದ್ದು.

ಆಡಿಯೊ ಕತೆಗಳು ನಿಜಕ್ಕೂ ಚೆನ್ನಾಗಿವೆ. ‘ಟರ್ನ್ ಎ ಬ್ಲೈಂಡ್ ಐ’ ಅನ್ನುವುದಕ್ಕೆ ಬ್ರಿಟಿಷ್ ನೌಕಾಪಡೆಯ ಅಧಿಕಾರಿ ನೆಲ್ಸನ್ ಕತೆ ಹೇಳುತ್ತಾರೆ. 1794ರಲ್ಲಿ ಕಾರ್ಸಿಕಾದ ಕಾಳಗದಲ್ಲಿ ಅವನ ಬಲಗಣ್ಣಿನ ದೃಷ್ಟಿ ಹೋಗಿತ್ತು. 1801ರ ಕೋಪನ್‌ಹೇಗನ್ ಯುದ್ಧದಲ್ಲಿ ಮೇಲಧಿಕಾರಿ ಹೈಡ್ ಪಾರ್ಕರ್ ‘ಸಾಕು, ನಿಲ್ಲಿಸು’ ಅಂತ ಬಾವುಟದ ಸೂಚನೆ ಕೊಟ್ಟರೆ, ಈ ಪುಣ್ಯಾತ್ಮ ದುರ್ಬೀನನ್ನು ಕಾಣದ ಕಣ್ಣಿಗೆ ಹಿಡಿದು ನನಗೇನೂ ಕಾಣಿಸುತ್ತಿಲ್ಲ ಅಂದನಂತೆ. ಯುದ್ಧವನ್ನೂ ಗೆದ್ದ! ‘ಕ್ಲೂ’ ಕತೆ ಇನ್ನೂ ಇಷ್ಟವಾಯಿತು. ಆ ಪದಕ್ಕೆ ಮೊದಲು ದಾರದ ಉಂಡೆ ಅಂತ ಅರ್ಥ ಇತ್ತು, ಗ್ರೀಕ್ ಕತೆಯ ಥೀಸಿಯಸ್ ದಾರದ ಉಂಡೆ ಬಿಚ್ಚುತ್ತಾ ದಾರಿ ತಪ್ಪಿಸುವ ಒಂದು ಕಟ್ಟಡದ ಒಳಗೆ ಹೋಗಿ, ಅದೇ ದಾರ ಹಿಡಿದು ಹೊರಗೆ ಬಂದ. ಅಂದರೆ ಕ್ಲೂ ಇಲ್ಲ ಅನ್ನುವವನ ಕೈಯಲ್ಲಿ ದಾರವೇ ಇಲ್ಲ.

ಆದರೆ ಕನ್ನಡ ಅರ್ಥ ಕೊಟ್ಟಿರುವುದು ನೋಡಿದರೆ ತಲೆ ಚಚ್ಚಿಕೊಳ್ಳಬೇಕು. ಅಷ್ಟು ಚಂದದ ನೆಲ್ಸನ್ ಕತೆ ಆದಮೇಲೆ ಸ್ಕ್ರೀನ್ ಮೇಲೆ ‘ಕುರುಡು ಕಣ್ಣನ್ನು ತಿರುಗಿಸು’ ಅಂತ ಬರುತ್ತದೆ. ಜಾಣಕುರುಡು ಅನ್ನುವ ಪದ ನಮ್ಮ ಅಜ್ಜಿಗೂ ಗೊತ್ತು, ಆ್ಯಪ್ ಮಾಡಿದವರಿಗೆ ಗೊತ್ತಿಲ್ಲ. ‘ದ ಪೆನ್ನಿ ಡ್ರಾಪ್ಡ್’ ಅಂದರೆ ‘ಪೆನ್ನಿ ಬಿತ್ತು’ ಅಂತೆ. ಬಿದ್ದರೆ ಎತ್ತಿಕೊಳ್ಳಲಾ? ಕಾಸು ಹಾಕಿದರೆ ನಡೆಯುವ ಯಂತ್ರದಲ್ಲಿ ಕಾಸು ಸ್ವಲ್ಪ ಹೊತ್ತು ಸಿಕ್ಕಿಕೊಂಡು ಆಮೇಲೆ ಟಕ್ ಅಂತ ಬೀಳುತ್ತದೆ ನೋಡಿ, ಆ ಚಿತ್ರ ಅದು. ‘ಟ್ಯೂಬ್‌ಲೈಟ್ ಈಗ ಹತ್ತಿತಾ’ ಅಂದಿದ್ದರೆ ಮುಗಿದಿತ್ತು. ‘ಬರಿ ಯುವರ್ ಹೆಡ್ ಇನ್ ದ ಸ್ಯಾಂಡ್’ ಅನ್ನುವುದಕ್ಕೆ ಆಸ್ಟ್ರಿಚ್ ಹೆದರಿ ಮರಳಿನಲ್ಲಿ ತಲೆ ಹೂತುಕೊಳ್ಳುತ್ತದೆ ಅಂತ ಕಾರ್ಟೂನ್ ಬೇರೆ. ಅದು ನೆಲದ ಗುಂಡಿಯಲ್ಲಿ ಇಟ್ಟ ಮೊಟ್ಟೆಗಳನ್ನು ಹೊರಳಿಸಲು ತಲೆ ತಗ್ಗಿಸುತ್ತದೆ ಅಷ್ಟೇ, ಪಾಪ.

ನನಗೆ ಜಾಸ್ತಿ ಸಿಟ್ಟು ಬಂದಿದ್ದು ಬೇರೆ ಕಾರಣಕ್ಕೆ. ‘ಔಟ್ ಆಫ್ ದ ಲೂಪ್’, ‘ಇನ್ ದ ಡಾರ್ಕ್’, ‘ಅಸ್ಲೀಪ್ ಅಟ್ ದ ವೀಲ್’ ಮೂರಕ್ಕೂ ಒಂದೇ ಅರ್ಥ ಕೊಟ್ಟಿದ್ದಾರೆ, ‘ತಿಳಿಯದಿರುವುದು’. ನಾನೂ ನಂಬಿದೆ. ರಿಲೀಸ್ ದಿನಾಂಕ ಬದಲಾದದ್ದು ನನಗೆ ಗೊತ್ತಿರಲಿಲ್ಲ, ಅಷ್ಟನ್ನೇ ಹೇಳಬೇಕಿತ್ತು, ಆದರೆ ಕಲಿತದ್ದು ತೋರಿಸಬೇಕಲ್ವಾ, ಕ್ಲೈಂಟ್ ಮ್ಯಾನೇಜರ್‌ಗೆ ‘ಯು ಕೆಪ್ಟ್ ಮಿ ಇನ್ ದ ಡಾರ್ಕ್’ ಅಂತ ಮೇಲ್ ಹಾಕಿದೆ. ಹತ್ತು ನಿಮಿಷಕ್ಕೆ ಆತನೇ ಫೋನ್ ಮಾಡಿದ, ದನಿ ಗಟ್ಟಿಯಾಗಿತ್ತು. ನೀವು ಬೇಕಂತಲೇ ಮುಚ್ಚಿಟ್ಟಿರಿ ಅಂತ ನಾನು ಬರೆದಂತಾಗಿತ್ತು! ‘ಐ ವಾಸ್ ಔಟ್ ಆಫ್ ದ ಲೂಪ್’ ಅಂದಿದ್ದರೆ ಸುದ್ದಿ ನನ್ನ ತನಕ ಬರಲಿಲ್ಲ ಅಂತಷ್ಟೇ ಆಗುತ್ತಿತ್ತು, ಯಾರ ಮೇಲೂ ತಪ್ಪು ಹೊರಿಸಿದಂತಾಗುತ್ತಿರಲಿಲ್ಲ. ‘ಅಸ್ಲೀಪ್ ಅಟ್ ದ ವೀಲ್’ ಅಂದರೆ ಸ್ಟೀರಿಂಗ್ ಹಿಡಿದವನೇ ನಿದ್ದೆ ಹೊಡೆದ ಅಂತ, ಅಂದರೆ ನೋಡಿಕೊಳ್ಳಬೇಕಾದವನದ್ದೇ ತಪ್ಪು. ತಪ್ಪು ಯಾರದ್ದು ಅನ್ನುವುದರಲ್ಲೇ ವ್ಯತ್ಯಾಸ ಇರುವಾಗ ಅದನ್ನೇ ಹೇಳಿಕೊಡದಿದ್ದರೆ ಇನ್ನೇನು ಕಲಿಸಿದ ಹಾಗಾಯಿತು?

ಕ್ವಿಜ್ ಪರವಾಗಿಲ್ಲ. ಸಪೋರ್ಟ್‌ನವರು ಮೇಲ್‌ಗೆ ಉತ್ತರ ಕೊಡಲಿಲ್ಲ.

5ಕ್ಕೆ 2 ಸ್ಟಾರ್, ಅದೂ ನೆಲ್ಸನ್ ದಯೆಯಿಂದ. ಕಟ್ಟುವವರು ಆಟೊ ರಿನ್ಯೂವಲ್ ಮೊದಲ ದಿನವೇ ಆಫ್ ಮಾಡಿ. ಆ ಬಟನ್ ಮೂರು ಮೆನು ಒಳಗಿದೆ. ಕಳೆದ ವಾರ ನನ್ನ ಖಾತೆಯಿಂದ ಮತ್ತೆ 1,499 ಹೋಯಿತು. ಅವರು ನನ್ನನ್ನು ಕತ್ತಲಲ್ಲಿಟ್ಟರೋ, ನಾನೇ ಸ್ಟೀರಿಂಗ್ ಹಿಡಿದು ಮಲಗಿದ್ದೆನೋ, ಮನೆಯವಳನ್ನು ಕೇಳಿದರೆ ಎರಡನೆಯದೇ ಅನ್ನುತ್ತಾಳೆ.