ಕಲಿಕಾ ಶೈಲಿ ಹೇಳುವ ಆ್ಯಪ್: ಆರು ವಾರ ಬಳಸಿ ಬರೆಯುತ್ತಿದ್ದೇನೆ (5ಕ್ಕೆ 2)

ಮನೆಪಾಠಕ್ಕೆ ಬರುವ ಇಬ್ಬರು ಮಕ್ಕಳಿಗೋಸ್ಕರ ಇದಕ್ಕೆ ಚಂದಾ ಕಟ್ಟಿದೆ. 20 ಪ್ರಶ್ನೆ ಕೇಳಿ, ಮಗು ನೋಡಿ ಕಲಿಯುತ್ತದೋ, ಕೇಳಿ ಕಲಿಯುತ್ತದೋ, ಮಾಡಿ ಕಲಿಯುತ್ತದೋ ಅಂತ ಹೇಳುತ್ತದೆ. ಆಮೇಲೆ ಅದಕ್ಕೆ ತಕ್ಕ ಪಾಠ ಕೊಡುತ್ತದೆ.

ಹುಡುಗನಿಗೆ ‘ನೋಡಿ ಕಲಿಯುವವ’ ಅಂತ ಬಂತು. ಮೂರು ವಾರ ಬಣ್ಣದ ವೃತ್ತಗಳಲ್ಲೇ ಭಿನ್ನರಾಶಿ ನಡೆಯಿತು. ಚಿತ್ರಗಳು ಚೆನ್ನಾಗಿವೆ, ಅವನೂ ಖುಷಿಯಿಂದಲೇ ನೋಡಿದ. ಆಮೇಲೆ ಖಾಲಿ ಹಾಳೆ ಕೊಟ್ಟು 2/3 + 1/4 ಮಾಡು ಅಂದೆ. 3/7 ಅಂತ ಬರೆದ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದ. “2/3 ಅಂದ್ರೇನೇ ಅರ್ಧಕ್ಕಿಂತ ಜಾಸ್ತಿ. ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಮ್ಮಿ ಹೇಗಾಯ್ತು?” ಅಂದೆ. ಪೆನ್ಸಿಲ್ ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು, ಹಾಳಾದ ಮೂರು ವಾರ ಅವನದು.

ಆ್ಯಪ್ ಬದಿಗಿಟ್ಟು, ಪೂರ್ತಿ ಬಿಡಿಸಿದ ಲೆಕ್ಕ ಒಂದು, ಅದರ ಕೆಳಗೇ ಅಂಥದ್ದೇ ಬಿಡಿಸದ ಲೆಕ್ಕ ಒಂದು, ಹೀಗೆ ಜೋಡಿ ಜೋಡಿಯಾಗಿ ಬರೆದುಕೊಟ್ಟೆ. 8/12 + 3/12 ಎಂಬ ಸಾಲಿನ ಮುಂದೆ ‘12 ಯಾಕೆ?’ ಅಂತ ಅವನೇ ಹೇಳಬೇಕು. ನಾಲ್ಕನೇ ದಿನ “ತುಂಡೆಲ್ಲ ಒಂದೇ ಅಳತೆಯದಾಗ್ಬೇಕಲ್ಲ ಮಿಸ್” ಅಂದ.

ಹುಡುಗಿಗೆ ಅದೇ ಹಾಳೆ ಕೊಟ್ಟರೆ ಬೇಸರ, ಬಿಡಿಸಿದ್ದನ್ನು ಓದದೇ ದಾಟಿಬಿಡುತ್ತಿದ್ದಳು. ಕೆಳಗಿನ ಅಂಕಿಗಳನ್ನು ಒಂದೇ ಮಾಡಲು ಬೇಕಾದ ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) ಅವಳಿಗೆ ಮೊದಲೇ ಗೊತ್ತು. ನೇರವಾಗಿ ಕಷ್ಟದ ಲೆಕ್ಕಕ್ಕೆ ಬಿಟ್ಟ ಮೇಲೆ ಅರಳಿದಳು. ಬಿಡಿಸಿದ ಲೆಕ್ಕಗಳು ಹೊಸಬರಿಗೆ ನೆರವಾಗುತ್ತವೆ ಅಂತ ಕಲಿಕೆಯ ಸಂಶೋಧಕರಾದ ಜಾನ್ ಸ್ವೆಲ್ಲರ್, ಗ್ರಹಾಂ ಕೂಪರ್ 1985ರಲ್ಲೇ ಬೀಜಗಣಿತದಲ್ಲಿ ತೋರಿಸಿದ್ದರು. ವಿಷಯ ಬಲ್ಲವರಿಗೆ ಅದೇ ಹೊರೆಯಾಗಬಹುದು ಎಂಬುದೂ ಆಮೇಲಿನ ಸಂಶೋಧನೆಗಳಲ್ಲಿ ಕಂಡಿದೆ. ಶೈಲಿಗೆ ಹೊಂದಿಸಿ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಅಂತ ಮನೋವಿಜ್ಞಾನಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಸಂಗಡಿಗರು 2008ರಲ್ಲಿ ಬರೆದಿದ್ದಾರೆ. ದುಡ್ಡು ಕಟ್ಟುವ ಮೊದಲು ಓದಿಕೊಳ್ಳಬೇಕಿತ್ತು. ನನ್ನ ಇಬ್ಬರಲ್ಲಿ ಇದ್ದ ವ್ಯತ್ಯಾಸ ಕಣ್ಣು-ಕಿವಿಯದ್ದಲ್ಲ, ಮೊದಲೇ ಏನು ಗೊತ್ತಿತ್ತು ಅನ್ನೋದರದ್ದು.

ಎರಡು ಅಂಕ ಕೊಟ್ಟಿದ್ದು ಪಾಠದ ಮುಂಚಿನ 5 ಪ್ರಶ್ನೆಗಳ ಪುಟ್ಟ ಪರೀಕ್ಷೆಗೆ. ಹಳೆಯದು ಎಷ್ಟು ಉಳಿದಿದೆ ಅಂತ ಅದು ಸರಿಯಾಗಿ ಹಿಡಿಯುತ್ತದೆ. ಆದರೆ ಅದರ ಫಲಿತಾಂಶ ನೋಡಿ ಆ್ಯಪ್ ಪಾಠವನ್ನು ಬದಲಿಸುವುದೇ ಇಲ್ಲ! ಚಂದಾ ಮುಂದುವರಿಸಲಿಲ್ಲ. ಆ 5 ಪ್ರಶ್ನೆಗಳನ್ನು ಈಗ ನಾನೇ ಹಿಂದಿನ ರಾತ್ರಿ ಬರೆದಿಡುತ್ತೇನೆ, ಇಬ್ಬರಿಗೂ ಬೇರೆ ಬೇರೆ.