ಮೋಟಾರ್‌ಹೋಮ್‌ನ ಮ್ಯಾಸರೇಟರ್ ಪಂಪು: ಉಳಿಸಿಕೊಳ್ಳುವುದೋ, ತೆಗೆಸುವುದೋ?

ಅಮೆರಿಕದಲ್ಲಿ ಹಳೆಯ ಮೋಟಾರ್‌ಹೋಮ್ (ಒಳಗೇ ಮನೆಯಂತೆ ವಾಸಿಸಬಹುದಾದ ವಾಹನ) ಕೊಂಡವರು, ಶೌಚದ ತ್ಯಾಜ್ಯವನ್ನು ಅರೆದು ಹೊರಗೆ ತಳ್ಳುವ 12 ವೋಲ್ಟಿನ ಮ್ಯಾಸರೇಟರ್ ಪಂಪನ್ನು ಉಳಿಸಿಕೊಳ್ಳಬೇಕೇ ಅಥವಾ ಅದನ್ನು ತೆಗೆಸಿ ಸಾಮಾನ್ಯವಾದ 3 ಇಂಚಿನ ಕೊಳವೆಗೆ ಮರಳಬೇಕೇ ಎಂದು ಕೇಳುವುದುಂಟು.

ತ್ಯಾಜ್ಯ ತುಂಬುವ ಟ್ಯಾಂಕನ್ನು ಎಲ್ಲಿ ಖಾಲಿ ಮಾಡುತ್ತೀರಿ ಎಂಬುದನ್ನು ಮೊದಲು ನೋಡಬೇಕು. ದೊಡ್ಡ ಕೊಳವೆ ಇಳಿಜಾರನ್ನೇ ನಂಬಿರುವುದರಿಂದ ಚರಂಡಿಯ ಬಾಯಿ ವಾಹನದ ಹೊರದ್ವಾರಕ್ಕಿಂತ ತಗ್ಗಿನಲ್ಲಿರಬೇಕು. ಕ್ಯಾಂಪ್‌ಗ್ರೌಂಡ್‌ಗಳ ಡಂಪ್ ಸ್ಟೇಷನ್‌ಗಳಲ್ಲಿ (ಟ್ಯಾಂಕಿನ ತ್ಯಾಜ್ಯ ಸುರಿಯುವ ಜಾಗ) ಸಾಮಾನ್ಯವಾಗಿ ಹಾಗೆಯೇ ಇರುತ್ತದೆ, ಕವಾಟ ಎಳೆದರೆ ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಪಂಪಾದರೋ ಸುಮಾರು 1 ಇಂಚಿನ ಸಪೂರ ಹೋಸ್‌ನಲ್ಲಿ ತ್ಯಾಜ್ಯವನ್ನು ದೂರಕ್ಕೂ ಏರಿಗೂ ಕಳಿಸಬಲ್ಲದು. ಆದ್ದರಿಂದ ಮನೆಯ ಒಳಚರಂಡಿಯ ಕ್ಲೀನ್‌ಔಟ್‌ಗೆ, ಅಂದರೆ ಕೊಳವೆ ಶುಚಿ ಮಾಡಲು ಇರುವ ಮುಚ್ಚಳದ ಬಾಯಿಗೆ, ಸುರಿಯುವವರಿಗೆ (ಸ್ಥಳೀಯ ನಿಯಮ ಒಪ್ಪಿದರೆ) ಅದೇ ಅನುಕೂಲ.

ಬಾಳಿಕೆಯಲ್ಲಿ ಕೊಳವೆಯೇ ಮೇಲು, ಕೆಡಲು ಅದರಲ್ಲಿ ಮೋಟಾರೇ ಇಲ್ಲವಲ್ಲ. ಪಂಪಿನ ರಬ್ಬರ್ ಇಂಪೆಲ್ಲರ್ (ತಿರುಗುತ್ತಾ ತ್ಯಾಜ್ಯವನ್ನು ತಳ್ಳುವ ಚಕ್ರ) ನೀರಿಲ್ಲದೆ ಓಡಿದರೆ ಬೇಗ ಹಾಳಾಗುತ್ತದೆ, ಒದ್ದೆ ವೈಪ್ಸ್ ಸಿಕ್ಕಿದರೆ ಅಲಗು ಕಚ್ಚಿಕೊಳ್ಳುತ್ತದೆ, ಚಳಿಗಾಲದಲ್ಲಿ ಒಳಗೆ ಉಳಿದ ನೀರು ಹೆಪ್ಪುಗಟ್ಟಿದರೆ ಕವಚವೇ ಬಿರಿಯಬಹುದು. ಟ್ಯಾಂಕ್ ತುಂಬಿರುವಾಗಲೇ ಅದು ನಿಂತುಬಿಟ್ಟರೆ ಏನು ಗತಿ ಎಂಬುದು ನನ್ನ ಮುಖ್ಯ ಆತಂಕ. ಪಕ್ಕದಲ್ಲಿ ಇಳಿಜಾರಿನ ಹೊರದ್ವಾರವೂ ಇದ್ದರೆ ಆ ಚಿಂತೆಯಿಲ್ಲ, ಆಗ ಪಂಪನ್ನು ಬಿಚ್ಚಿಸುವ ಖರ್ಚೂ ವ್ಯರ್ಥ.

ಅಂಥ ದ್ವಾರವಿಲ್ಲದೆ, ಪ್ರಯಾಣವೆಲ್ಲ ಕ್ಯಾಂಪ್‌ಗ್ರೌಂಡ್‌ಗಳ ನಡುವೆಯೇ ನಡೆಯುವುದಾದರೆ ತೆಗೆಸುವುದು ಸರಿ. ಅಪರೂಪಕ್ಕೊಮ್ಮೆ ಪಂಪು ಬೇಕೆನ್ನುವವರು, 3 ಇಂಚಿನ ಬಾಯಿಗೆ ತಿರುಗಿಸಿ ಕೂರಿಸುವ ಬಿಡಿ ಮ್ಯಾಸರೇಟರನ್ನು ಜೊತೆಗಿಟ್ಟುಕೊಳ್ಳಬಹುದು. ಆದರೆ ಪ್ರತಿ ಸಲವೂ ಅದನ್ನು ತೊಳೆದಿಡುವ ಕೆಲಸ ತಪ್ಪಿದ್ದಲ್ಲ.